ಹೆಜ್ಜೆ ಮುರಿಯದವರು

ನಮ್ಮ ಊರಿನಲ್ಲಿ ಇಬ್ಬರು ಒಬ್ಬರಿಗೊಬ್ಬರು ಮನಸ್ಸು ಕೊಟ್ಟರೆ ಅವರ ಹೆಜ್ಜೆ ಕೂಡಿಬಿಡುತ್ತದೆ. ಜೊತೆಯಾಗಿ ನಡೆಯುವಾಗ ಒಬ್ಬರ ಎಡಗಾಲು ಎದ್ದರೆ ಇನ್ನೊಬ್ಬರ ಎಡಗಾಲೂ ಏಳುತ್ತದೆ, ಬೇಡವೆಂದರೂ ಏಳುತ್ತದೆ. ಒಬ್ಬರು ಬೇಕೆಂದೇ ತಡೆದು ನಿಂತು ಹೆಜ್ಜೆ ತಪ್ಪಿಸಿದರೆ ಇನ್ನೊಬ್ಬರ ಕಾಲೂ ತಾನಾಗಿ ತಡೆಯುತ್ತದೆ. ಇದು ಯಾಕೆ ಹೀಗೆ ಎಂದು ನಾವ್ಯಾರೂ ತಲೆ ಕೆಡಿಸಿಕೊಂಡಿಲ್ಲ. ನಮಗೆ ಇರುವ ಚಿಂತೆಯೆಲ್ಲ ಇದನ್ನು ಇಟ್ಟುಕೊಂಡು ಬಾಳುವುದು ಹೇಗೆ ಎನ್ನುವುದಷ್ಟೆ. ಮನೆಯಲ್ಲಿ ಇನ್ನೂ ಬಾಯಿ ಬಿಡದ ಪ್ರೇಮಿಗಳು ಸೈಕಲ್ ಹತ್ತುತ್ತಾರೆ. ಹಾಗಾಗಿ ಇಷ್ಟು ಸಣ್ಣ ಊರಿನಲ್ಲಿ ಓಣಿಗೊಂದು ಸೈಕಲ್ ಅಂಗಡಿ. ಮದುವೆಯಾದ ಗಂಡುಹೆಣ್ಣು ಮಂಟಪದಿಂದ ಮನೆಗೆ ನಡೆದೇ ಬರಬೇಕೆಂಬುದು ಪದ್ಧತಿ, ಆಗ ಕಟ್ಟೆಕಟ್ಟೆಯ ಮೇಲೆ ಹೆಂಗಸರು ಕಿವಿ ಕೊಟ್ಟು ಕೂತಿರುತ್ತಾರೆ. ಕಾಲಿನ ಮೇಲೆ ನಂಬಿಕೆ ಇಲ್ಲದವರು ಟಾಂಗಾ ಮಾಡಿಕೊಂಡು ಬರುತ್ತಾರೆ. ನಾನೂ ನನ್ನ ಹೆಂಡತಿ ಕಾಶವ್ವನೂ ಮೊದಮೊದಲು ಎಲ್ಲಿಗೆ ಹೋದರೂ ಟಾಂಗಾದಲ್ಲೇ ಹೋಗುತ್ತಿದ್ದೆವು. ಒಂದು ದಿನ ಸಂತೆಯಿಂದ ಬರುವಾಗ, ಜೋರಾಗಿ ಜಗಳವಾಡುತ್ತಿರುವಾಗಲೇ, ಹೆಜ್ಜೆ ಕೂಡಿತು. ಜಗಳ ಮಾತ್ರ ಇವತ್ತಿಗೂ ನಿಂತಿಲ್ಲ.

ಹೀಗಾಗಿ ನಮ್ಮ ಊರವರ ಕಣ್ಣು ಮೊದಲು ಹೋಗುವುದು ಕಾಲಿಗೆ. ಮುಖ ಮರೆತರೂ ನಡಿಗೆ ಮರೆಯುವುದಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ರೊಟ್ಟಿ ಬಡಿಯುತ್ತಿದ್ದರೂ ಹೊರಗೆ ಯಾರು ಹೋದರೆಂದು ಕಾಶವ್ವ ಹೇಳುತ್ತಾಳೆ, ಜೊತೆಗೆ ಅವರ ಚಪ್ಪಲಿ ಎಷ್ಟು ಸವೆದಿದೆ ಎಂಬುದನ್ನೂ ಸೇರಿಸುತ್ತಾಳೆ. ಇದರಿಂದ ಪಾಪ ನಮ್ಮ ಸಿನಿಮಾದವರಿಗೆ ದೊಡ್ಡ ಫಜೀತಿ. ನಾಯಕ ನಾಯಕಿ ಕೈ ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಥಿಯೇಟರಿನಲ್ಲಿ ಹಿಂದಿನ ಸಾಲಿನವರು ನಗಲು ಶುರುಮಾಡುತ್ತಾರೆ. ಎಣಿಸಿ ಇಟ್ಟ ಹೆಜ್ಜೆ ಇಲ್ಲಿ ಯಾರಿಗೂ ಮೋಸ ಮಾಡದು. ಆದ್ದರಿಂದ ನಮ್ಮ ಊರಿನ ಸಿನಿಮಾಗಳಲ್ಲಿ ಪ್ರೀತಿಯೆಲ್ಲ ಕೂತೇ ನಡೆಯುತ್ತದೆ. ಉಯ್ಯಾಲೆ, ದೋಣಿ, ಎತ್ತಿನಬಂಡಿ. ಬಹಳ ಧೈರ್ಯದ ನಿರ್ದೇಶಕನಾದರೆ ಸೈಕಲ್.

ಗುಡ್ಡದ ಮೇಲೆ ದಂಡು ಇದೆ. ನಾನು ಆ ರೆಜಿಮೆಂಟಿನಲ್ಲಿ ಕವಾಯತು ಕಲಿಸುವ ಉಸ್ತಾದನಾಗಿದ್ದೆ. ಹೆಸರು ಫಕೀರಪ್ಪ, ಆದರೆ ಹೆಂಡತಿಯನ್ನು ಬಿಟ್ಟರೆ ಎಲ್ಲರಿಗೂ ಉಸ್ತಾದನೇ. ಊರಿಗೆಲ್ಲ ಯಾರ ಹೆಜ್ಜೆ ಯಾರ ಜೊತೆ ಕೂಡಿದೆ ಎಂದು ಗೊತ್ತಾಗದ ಜಾಗ ಒಂದೇ ಒಂದು, ಅದು ನಮ್ಮ ಕವಾಯತು ಮೈದಾನ. ಅಲ್ಲಿ ಎಲ್ಲರದೂ ಕೂಡಿರುತ್ತದೆ, ಕೂಡದಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಆದರೆ ಕವಾಯತಿನ ಹೊರಗೆ ಇಬ್ಬರು ಸಿಪಾಯಿಗಳ ಹೆಜ್ಜೆ ತಾನಾಗಿ ಕೂಡಿದ್ದು ಕಂಡುಬಂದರೆ ರೆಜಿಮೆಂಟು ಅವರ ಹೆಸರು ಹೊಡೆದುಹಾಕುತ್ತದೆ. ಅದು ಹಳೆಯ ಕಾನೂನು. ಹೆಸರು ಹೊಡೆಸಿಕೊಂಡವನು ಆಮೇಲೆ ಬೂಟು ಹಾಕಿ ರೆಜಿಮೆಂಟಿನ ಜೊತೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ, ಅವನು ಎಷ್ಟು ಯುದ್ಧ ನೋಡಿದ್ದರೂ, ಪಿಂಚಣಿ ಆಗಿದ್ದರೂ ಅಷ್ಟೆ.

ಸಿಕ್ಕಿಬೀಳುವ ಜಾಗ ತೂಗುಸೇತುವೆ. ಗುಡ್ಡದ ಕೆಳಗೆ ಹಳ್ಳದ ಮೇಲೆ ಹಲಗೆ ಹಾಸಿದ ಸೇತುವೆ ಇದೆ. ಪಡೆಯವರೆಲ್ಲ ಒಂದೇ ತಾಳಕ್ಕೆ ಅದರ ಮೇಲೆ ಬೂಟು ಬಡಿದರೆ ಸೇತುವೆ ಉಯ್ಯಾಲೆಯಾಗಿ ಎಲ್ಲರನ್ನೂ ಹಳ್ಳಕ್ಕೆ ಚೆಲ್ಲುತ್ತದೆ. ಅದಕ್ಕೆ ಸೇತುವೆಯ ಬಾಯಿಗೆ ಬಂದಾಗ ಉಸ್ತಾದ 'ಹೆಜ್ಜೆ ಮುರಿ' ಎಂದು ಕೂಗಬೇಕು. ಆಗ ಎಲ್ಲರೂ ತಮ್ಮ ತಮ್ಮ ಇಷ್ಟದಂತೆ ಕಾಲು ಹಾಕುತ್ತ ದಾಟುತ್ತಾರೆ. ನಾನು ಹೊಸದಾಗಿ ಸೇರಿದಾಗ ಹಾಗೆ ದಾಟುತ್ತಿದ್ದ ಒಂದು ಪಡೆಯಲ್ಲಿ ಇಬ್ಬರ ಬೂಟು ಮಾತ್ರ ಒಟ್ಟಿಗೇ ಬೀಳುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಪಾಪ, ಇಪ್ಪತ್ತರ ಆಸುಪಾಸಿನವರು. ಒಬ್ಬನನ್ನು ಪೂರ್ವದ ಬಸ್ಸಿಗೂ ಒಬ್ಬನನ್ನು ಪಶ್ಚಿಮದ ಬಸ್ಸಿಗೂ ಹತ್ತಿಸಿ ಕಳಿಸಿದರು.

ಯಮನೂರಪ್ಪ ಮತ್ತು ಸಿದ್ರಾಮ ನನ್ನ ಪಡೆಗೆ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಯಮನೂರಪ್ಪ ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ಸಿದ್ರಾಮ ತೆಳ್ಳಗೆ, ಮಾತಿಗೆ ಕೂತರೆ ಮುಗಿಯದವನು. ಮೂರನೆಯ ಸಾಲಿನಲ್ಲಿ ಇಬ್ಬರೂ ಅಕ್ಕಪಕ್ಕ. ನಾನು ಹೆಜ್ಜೆ ಕಲಿಸುವವನು, ನನಗೆ ತಿಳಿಯದೆ ಇರುತ್ತದೆಯೆ? ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸೇತುವೆ ಬಂದಾಗಲೆಲ್ಲ 'ಯಮನೂರಪ್ಪ, ನೀ ಕಡೀಕ ಬಾ, ಹಿಂದ ಯಾರರ ಉಳಿದಾರೇನ ನೋಡು' ಎನ್ನುತ್ತಿದ್ದೆ. ಎಲ್ಲರೂ ದಾಟಿದ ಮೇಲೆ ಅವನೊಬ್ಬನೇ ದಾಟಿ ಬರುತ್ತಿದ್ದ. ಹಿಂದೆ ಯಾರು ಉಳಿದಿರುತ್ತಿದ್ದರು? ಯಾರೂ ಇಲ್ಲ. ಗಡಿಯಲ್ಲಿ ಸಿದ್ರಾಮನ ಮೊಣಕಾಲಿಗೆ ಗುಂಡು ಬಿದ್ದಾಗ ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಕಣಿವೆ ದಾಟಿಸಿದವನು ಯಮನೂರಪ್ಪ, ಅದಕ್ಕೆ ಪದಕ ಬಂತು. ಪದಕ ಕೊಟ್ಟವರು ಅವನ ಶೌರ್ಯವನ್ನು ಹೊಗಳಿದರು. ನಾನು ಹಿಂದೆ ನಿಂತು, ನಿಮಗೇನು ಗೊತ್ತು ಬಿಡಿ ಎಂದುಕೊಂಡೆ.

ಪಿಂಚಣಿ ಆದ ಮೇಲೆ ಯಮನೂರಪ್ಪ ತರಕಾರಿ ಮಾರುಕಟ್ಟೆಯ ಮೂಲೆಯಲ್ಲಿ ಹಿಟ್ಟಿನ ಗಿರಣಿ ಹಾಕಿದ. ಗಿರಣಿಯ ಹಿಂದಿನ ಕೋಣೆಯಲ್ಲಿ ಸಿದ್ರಾಮ ಬಾಡಿಗೆಗೆ ಇದ್ದ, ಎಂದರೆ ಊರಿಗೆ ಹಾಗೆ ಹೇಳಿದ್ದರು. ಸಿದ್ರಾಮ ಎಲ್ಲಿಗೆ ಹೋದರೂ ಸೈಕಲ್ ಮೇಲೆಯೇ. ಮೊಣಕಾಲಿನ ನೋವು ಎಂದು ಊರು ನಂಬಿತ್ತು. ಕೆಲವು ಸಂಜೆ ಯಮನೂರಪ್ಪ ನಡೆಯುತ್ತಿದ್ದರೆ ಸಿದ್ರಾಮ ಪಕ್ಕದಲ್ಲಿ ಬೀಳುವಷ್ಟು ನಿಧಾನವಾಗಿ ಸೈಕಲ್ ತುಳಿಯುತ್ತ ಮಾತಾಡುತ್ತ ಹೋಗುವುದನ್ನು ನೋಡಿದ್ದೇನೆ. ದಂಡಿನಲ್ಲಿದ್ದಾಗ ದಿನಾ ಮುಂಜಾನೆ ಎಲ್ಲರೆದುರು ಜೊತೆಯಾಗಿ ನಡೆದವರು, ಊರಿಗೆ ಇಳಿದ ಮೇಲೆ ಒಂದು ಫರ್ಲಾಂಗನ್ನೂ ಕೂಡಿ ನಡೆಯಲಿಲ್ಲ. ಒಂದು ದಿನ ಮಾತ್ರ ಬಿಟ್ಟು. ರೆಜಿಮೆಂಟಿನ ದಿನ ಪಿಂಚಣಿದಾರರೆಲ್ಲ ಬೂಟು ಹಾಕಿ, ಪದಕ ಚುಚ್ಚಿಕೊಂಡು, ಊರ ನಡುವಿನ ರಸ್ತೆಯಲ್ಲಿ ನಡೆಯುತ್ತೇವೆ. ಮೂರನೆಯ ಸಾಲಿನಲ್ಲಿ ಅವರಿಬ್ಬರು. ವಾದ್ಯದ ಗದ್ದಲದಲ್ಲಿ, ಅಷ್ಟು ಮುದುಕರ ನಡುವೆ, ಯಾರ ಕಾಲು ಎಳೆದರೂ ಯಾರಿಗೂ ತಿಳಿಯದು. ವರ್ಷಕ್ಕೆ ಅದೊಂದೇ ನಡಿಗೆ ಅವರದು. ವಾರ ಮೊದಲೇ ಸಿದ್ರಾಮ ಗಿರಣಿಯ ಕಟ್ಟೆಯ ಮೇಲೆ ಕೂತು ಎರಡು ಜೊತೆ ಬೂಟು ಪಾಲಿಶ್ ಮಾಡಲು ಶುರುಮಾಡುತ್ತಿದ್ದ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಶಾಂಭವಿ ನಮ್ಮ ಮನೆಗೆ ಬಂದಳು. ನಮ್ಮ ಊರಿನವಳೇ, ಹೊರಗೆ ದೊಡ್ಡ ಊರಿನಲ್ಲಿ ಬಹಳ ಕಾಲ ಇದ್ದು ಸಿನಿಮಾ ಕಲಿತು ಬಂದವಳು. ಹಿಂದೆ ಯಾವ ಕಂಪನಿಯೂ ಇಲ್ಲ, ಗೆಳೆಯರನ್ನೆಲ್ಲ ಕಟ್ಟಿಕೊಂಡು ತಾನೇ ಚಿತ್ರ ಮಾಡಲು ಹೊರಟಿದ್ದಳು. ಕವಾಯತು ಕಲಿಸಿಕೊಡಬೇಕು ಎಂದಳು. ಕಥೆ ಏನೆಂದು ಕೇಳಿದೆ.

"ಇಬ್ಬರು ಸಿಪಾಯಿಗಳ ಕಥಿ ರೀ ಉಸ್ತಾದರ. ಅವರಿಬ್ಬರ ಹೆಜ್ಜಿ ಕೂಡತೈತಿ."

ಕಾಶವ್ವ ಒಳಗಿನಿಂದ ಚಹಾ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು. ನಾನು ಅವಳ ಕಡೆ ಒಮ್ಮೆ ನೋಡಿದೆ. ಆಮೇಲೆ, "ಕುಂತಲ್ಲೇ ತೋರಸ್ತಿಯೇನು?" ಎಂದೆ.

"ಇಲ್ರೀ. ನಡೆಸೇ ತೋರಸಾಕಿ. ಕುಂತು ಪ್ರೀತಿ ಮಾಡೂದನ್ನ ಈ ಊರು ಬೇಕಾದಷ್ಟು ನೋಡೈತಿ."

"ರೆಜಿಮೆಂಟಿನವರು ಆಳು ಕೊಡೂದಿಲ್ಲವ್ವಾ."

"ಕೇಳಿ ಬಂದೆ. ಕಥಿ ಹೇಳಿ ಮುಗಸೂದರಾಗ ಬಾಗಿಲಾ ತೋರಿಸಿದ್ರು. ಅದಕ್ಕ ನಿಮ್ಮ ಕಡೆ ಬಂದೇನಿ. ಪಿಂಚಣಿದಾರರು ಅದಾರಲ್ಲ."

ಕಾಶವ್ವ ಚಹಾ ಕೆಳಗಿಟ್ಟು, "ಒಪ್ಪಿಕೊಳ್ರಿ. ಮನ್ಯಾಗ ಕುಂತು ನನಗ ಕವಾಯತು ಮಾಡಿಸೂದರ ತಪ್ಪತೈತಿ" ಎಂದಳು. ಒಪ್ಪಿಕೊಂಡೆ. ಹೆಂಡತಿಗೆ ಹೆದರಿ ಒಪ್ಪಿದೆ ಎಂದು ಆಗ ಹೇಳಿಕೊಂಡು ತಿರುಗಿದೆ, ನಿಜ ಹೇಳಬೇಕೆಂದರೆ ಆ ಹುಡುಗಿಯ ಎದೆಗಾರಿಕೆ ನನಗೆ ಬಹಳ ಹಿಡಿಸಿತ್ತು.

ಪಿಂಚಣಿದಾರರನ್ನು ಕೂಡಿಸಿದೆ. ಹಳೆಯ ಅಂಗಿಯ ಗುಂಡಿ ಹಾಕಲು ಒಬ್ಬೊಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು, ಉಸಿರು ಬಿಟ್ಟಾಗ ಗುಂಡಿ ಹಾರಿಹೋಗುತ್ತಿತ್ತು. ಯಮನೂರಪ್ಪ ಬಂದ. ಸಿದ್ರಾಮನೂ ಬಂದ, ಸೈಕಲ್ ಮೇಲೆ. ಕಥೆ ಏನೆಂದು ಎಲ್ಲರಿಗೂ ಶಾಂಭವಿಯೇ ಬಿಡಿಸಿ ಹೇಳಿದಳು. ಬೇರೆ ಇಬ್ಬರು ಮುದುಕರು ಎದ್ದು ಹೋದರು, ಉಳಿದವರು ಮಧ್ಯಾಹ್ನ ಊಟ ಇದೆಯೇ ಎಂದು ಕೇಳಿದರು. ಸಿದ್ರಾಮ ಅಂದು ಒಂದು ಮಾತೂ ಆಡಲಿಲ್ಲ. ಅವನು ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಖ್ಯ ಪಾತ್ರಗಳಿಗೆ ಇಬ್ಬರು ನಾಟಕದ ಹುಡುಗರು ಇದ್ದರು. ಒಳ್ಳೆಯ ಹುಡುಗರು, ಕಷ್ಟಪಟ್ಟರು. ಮೈದಾನದ ಮೇಲೆ ಅವರ ನಡಿಗೆಯನ್ನು ನಾನು ಹದಕ್ಕೆ ತಂದೆ. ಮಾತಿನ ದೃಶ್ಯಗಳಲ್ಲಂತೂ ಜೀವ ಕೊಟ್ಟರು. ಒಬ್ಬನಿಗೆ ರಜೆ ಸಿಕ್ಕಿ ಇನ್ನೊಬ್ಬನಿಗೆ ಸಿಗದ ದೃಶ್ಯ ಒಂದಿತ್ತು, ಇಬ್ಬರೂ ಒಬ್ಬರಿಗೊಬ್ಬರು ಸೆಲ್ಯೂಟ್ ಹೊಡೆದು ಅಗಲುತ್ತಾರೆ, ಬೇರೇನೂ ಮಾಡುವಂತಿಲ್ಲವಲ್ಲ. ಅದನ್ನು ತೆಗೆಯುವಾಗ ನಮ್ಮ ಮುದುಕರು ಯಾರೂ ಕೆಮ್ಮಲಿಲ್ಲ. ಇಷ್ಟು ದಿನ ಬಂದೂಕು ಬಾಂಬು ಇದ್ದರೇ ಸಿಪಾಯಿಯ ಸಿನಿಮಾ ಎಂದುಕೊಂಡಿದ್ದ ನನಗೆ, ಸಿಪಾಯಿಗೂ ಒಂದು ಎದೆ ಇರುತ್ತದೆ ಎಂದು ಯಾರೋ ಮೊದಲ ಸಲ ಹೇಳಿದಂತಾಯಿತು.

ಉಳಿದದ್ದು ಸೇತುವೆಯ ದೃಶ್ಯ. ಕಥೆಯೆಲ್ಲ ನಿಂತದ್ದೇ ಅದರ ಮೇಲೆ. ಪಡೆ ಹೆಜ್ಜೆ ಮುರಿದು ದಾಟುವಾಗ ಇಬ್ಬರ ಹೆಜ್ಜೆ ಮಾತ್ರ ಮುರಿಯುವುದಿಲ್ಲ, ಆ ಸದ್ದಿಗೆ ಇಡೀ ಪಡೆಗೆ ವಿಷಯ ತಿಳಿಯುತ್ತದೆ. ಸೇತುವೆಯನ್ನು ಬಳಸಲು ಪಂಚಾಯತಿಯವರು ಕೊಟ್ಟಿದ್ದು ಒಂದೇ ಹಗಲು. ನಾನು ಹಳೆಯ ಅಭ್ಯಾಸದಂತೆ ಯಮನೂರಪ್ಪನನ್ನು ಕೊನೆಗೆ ನಿಲ್ಲಿಸಿದೆ. ಸಿದ್ರಾಮ ಮೊಣಕಾಲಿನ ನೆಪ ಹೇಳಿ ದಂಡೆಯ ಮೇಲೆ ಸೈಕಲ್ ಪಕ್ಕ ಕೂತ. ನಾನು 'ಹೆಜ್ಜೆ ಮುರಿ' ಎಂದು ಕೂಗಿದೆ, ಮುದುಕರೆಲ್ಲ ದಡಬಡ ದಾಟಿದರು, ನಡುವೆ ಹುಡುಗರಿಬ್ಬರು ಹೆಜ್ಜೆ ಕೂಡಿಸಿ ನಡೆದರು. ಅದು ಸುಳ್ಳು ಎಂದು ಹಲಗೆಗಳೇ ಸಾರಿ ಹೇಳುತ್ತಿದ್ದವು. ಮತ್ತೆ ನಡೆದರು, ಮತ್ತೆ. ಎತ್ತರದ ಹುಡುಗನ ತುಟಿ ಎಣಿಸುತ್ತಿದ್ದುದು ದೂರದಿಂದಲೂ ಕಾಣುತ್ತಿತ್ತು. ತುಟಿ ಮುಚ್ಚಿಸಿದರೆ ಭುಜ ಎಣಿಸತೊಡಗಿತು. ಊಟದ ಹೊತ್ತು ದಾಟಿತು. ಮುದುಕರು ಮೊದಲು ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟು ಬೂಟು ಬಿಚ್ಚಿ ಕೂತರು. ಬಿಸಿಲು ಹಳದಿಯಾಗಿತ್ತು. ಶಾಂಭವಿ ಕಲ್ಲಿನ ಮೇಲೆ ಕೂತು ಎರಡೂ ಕೈಯಿಂದ ಹಣೆ ಒತ್ತಿಕೊಂಡಳು.

"ಬಿಡ್ರಿ ಉಸ್ತಾದರ. ಇಬ್ಬರನ್ನೂ ದಂಡಿ ಮ್ಯಾಲ ಕುಂದರಿಸಿ ತಗೀತೀನಿ" ಎಂದಳು. ಅಷ್ಟು ಹಟದ ಹುಡುಗಿಯ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ.

ಆಗ ಸೇತುವೆಯ ಆಚೆ ತುದಿಯಿಂದ ಯಮನೂರಪ್ಪ ನಡೆದು ಬಂದ. ಶಾಂಭವಿಯ ಮುಂದೆ ನಿಂತು ಟೋಪಿ ತೆಗೆದ.

"ಅಕ್ಕಾರ, ಬರೇ ಕಾಲಷ್ಟ ತಗಿಯಾಕ ಬರತೈತೇನ್ರಿ?"

ಶಾಂಭವಿಗೆ ಅರ್ಥವಾಗಲಿಲ್ಲ. ಅವನು ದಂಡೆಯ ಕಡೆ ನೋಡಿದ. ಸಿದ್ರಾಮ ಎದ್ದು ನಿಂತಿದ್ದ. ಸೈಕಲ್ ಅನ್ನು ಕಲ್ಲಿಗೆ ಒರಗಿಸಿ, ಕುಂಟುತ್ತ ಬಂದು ಯಮನೂರಪ್ಪನ ಪಕ್ಕದಲ್ಲಿ ನಿಂತ. ಶಾಂಭವಿ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿದಳು, ನಿಧಾನವಾಗಿ ಕಲ್ಲಿನಿಂದ ಎದ್ದಳು.

"ಬರತೈತ್ರಿ. ಮೊಣಕಾಲಿನ ಕೆಳಗ ಅಷ್ಟ ತಗೀತೀನಿ. ಮುಖಾ ತೋರಸೂದಿಲ್ಲ. ನೀವು ಯಾರಂತ ಒಂದು ಹುಳಕ್ಕೂ ತಿಳಿಯೂದಿಲ್ಲ, ನನ್ನ ಮಾತಿರಲಿ" ಎಂದಳು.

ಪಾಪ, ಹೊರಗಿನ ಊರಿನಲ್ಲಿ ಇದ್ದು ಇದ್ದು ಮರೆತಿದ್ದಳು. ಅಲ್ಲಿ ಕಾಲೆಂದರೆ ಬರೀ ಕಾಲು. ಇಲ್ಲಿ ಮುಖ ಮುಚ್ಚಿ ಕಾಲು ತೋರಿಸುವುದು ಎಂದರೆ ಹೆಸರು ಬರೆದು ಬಾಗಿಲಿಗೆ ಅಂಟಿಸುವುದು. ಅದೂ ಸಿದ್ರಾಮನ ಆ ಕುಂಟು ಹೆಜ್ಜೆ. ನಾನು ಬಾಯಿ ತೆರೆದೆ. ಯಮನೂರಪ್ಪ ನನ್ನ ಕಡೆ ತಿರುಗಿ ತಲೆಯನ್ನು ಸಣ್ಣಗೆ ಅಲ್ಲಾಡಿಸಿದ. ಅವನಿಗೆ ಗೊತ್ತಿತ್ತು. ಇಬ್ಬರಿಗೂ ಗೊತ್ತಿತ್ತು. ಬಹುಶಃ ಊಟದ ಹೊತ್ತಿನಿಂದ ಹಳ್ಳದ ಆಚೀಚೆ ಕೂತು, ಮಾತಿಲ್ಲದೆ, ಅದನ್ನೇ ಮಾತಾಡಿಕೊಂಡಿದ್ದರು.

ಮುದುಕರು ಮತ್ತೆ ಬೂಟು ಏರಿಸಿದರು. ಕ್ಯಾಮರಾವನ್ನು ಹಲಗೆಯ ಮಟ್ಟಕ್ಕೆ ಇಳಿಸಿದರು. ನಾನು ಸೇತುವೆಯ ಬಾಯಿಗೆ ಬಂದು ನಿಂತು ಕೂಗಿದೆ. "ಹೆಜ್ಜೆ ಮುರಿ."

ಎಲ್ಲರೂ ಮುರಿದರು. ಅವರಿಬ್ಬರೂ ಮುರಿಯಲು ನೋಡಿದರು, ಅದು ಅಪ್ಪಣೆಯಲ್ಲವೆ. ಸಿದ್ರಾಮ ಒಂದು ಗಿಡ್ಡ ಹೆಜ್ಜೆ ಇಟ್ಟ, ಯಮನೂರಪ್ಪನದೂ ಗಿಡ್ಡವಾಯಿತು. ಯಮನೂರಪ್ಪ ತಡೆದ, ಸಿದ್ರಾಮನೂ ತಡೆದ. ಆಮೇಲೆ ಇಬ್ಬರೂ ಪ್ರಯತ್ನ ಬಿಟ್ಟು ಸುಮ್ಮನೆ ನಡೆದರು. ಸಿದ್ರಾಮನ ಬಲಗಾಲು ಸರಿಯಾಗಿ ಮಡಚುವುದಿಲ್ಲ, ಒಂದು ಉದ್ದ ಒಂದು ಗಿಡ್ಡ ಬೀಳುತ್ತದೆ. ಯಮನೂರಪ್ಪನ ಎರಡು ಕಾಲೂ ಕಬ್ಬಿಣದಂಥವು, ಆದರೆ ಅವನ ಬಲಗಾಲೂ ಹಾಗೆಯೇ ತುಸು ಎಳೆಯುತ್ತ, ಒಂದು ಉದ್ದ ಒಂದು ಗಿಡ್ಡ ಬೀಳುತ್ತಿತ್ತು. ಅವನೂ ಕುಂಟುತ್ತಿದ್ದ. ಜೀವಮಾನವೆಲ್ಲ ಹೆಜ್ಜೆ ತಿದ್ದಿದವನು ನಾನು, ಅಷ್ಟು ಚೆಂದದ ನಡಿಗೆಯನ್ನು ಎಂದೂ ನೋಡಿರಲಿಲ್ಲ. ನಾಟಕದ ಎತ್ತರದ ಹುಡುಗ ನನ್ನ ಪಕ್ಕದಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ.

ದಾಟಿದ ಮೇಲೆ ಮುದುಕರೆಲ್ಲ ದಂಡೆಯ ಮೇಲೆ ಕೂತು ಬೂಟು ಬಿಚ್ಚತೊಡಗಿದರು. ಎಲ್ಲರೂ ಅವರೊಂದಿಗೆ ವರ್ಷಗಟ್ಟಲೆ ಒಂದೇ ತಟ್ಟೆಯಲ್ಲಿ ಉಂಡವರು. ಕೊನೆಗೆ ಒಬ್ಬ, "ಉಸ್ತಾದ, ಅದಕ್ಕೇನು ಇವನನ್ನ ಯಾವಾಗಲೂ ಹಿಂದ ಹಾಕತಿದ್ದಿ?" ಎಂದ. ನಾನು ಬೀಡಿ ಹಚ್ಚಿದೆ. ಅವನೂ ಒಂದು ಕೇಳಿ ಇಸಿದುಕೊಂಡ. ಮಾತು ಅಲ್ಲಿಗೆ ಮುಗಿಯಿತು.

ಚಿತ್ರವನ್ನು ಜೋಡಿಸಿದ ಮೇಲೆ ಶಾಂಭವಿ ಅವರಿಬ್ಬರನ್ನೂ ನನ್ನನ್ನೂ ಕರೆದು ತೋರಿಸಿದಳು. ಅಷ್ಟರಲ್ಲಿ ಅವಳಿಗೆ ವಿಷಯ ತಿಳಿದಿತ್ತು. ಧ್ವನಿ ಜೋಡಿಸುವ ನಮ್ಮ ಊರಿನ ಹುಡುಗಿ ಬೂಟಿನ ಸದ್ದು ಕೇಳಿದ ಕೂಡಲೇ 'ಇದು ಗಿರಣಿ ಸಿದ್ರಾಮ ಕಾಕಾನ ಕಾಲಲ್ಲೇನ್ರಿ' ಅಂದಿದ್ದಳಂತೆ. ಶಾಂಭವಿಯ ಮುಖ ಬಿಳಿಚಿಕೊಂಡಿತ್ತು.

"ನಾ ತಪ್ಪು ಮಾಡಿದೆ. ಇದನ್ನ ತಗದ ಹಾಕತೀನಿ" ಎಂದಳು. "ಚಿತ್ರ ಅರ್ಧ ಆಗಲಿ. ನಿಮ್ಮ ರೆಜಿಮೆಂಟಿನ ದಿನಾ ಕಳಕೊಳ್ಳೂದು ಬ್ಯಾಡ."

ಸಿದ್ರಾಮನ ಕಣ್ಣು ಪರದೆಯ ಮೇಲೇ ಇತ್ತು. "ಇನ್ನೊಮ್ಮೆ ಹಾಕ್ರಿ" ಎಂದ. ಅವಳು ಹಾಕಿದಳು. ನಾಲ್ಕು ಬೂಟು, ಹಲಗೆ, ಕೆಳಗೆ ನೀರು. ಒಂದು ಉದ್ದ, ಒಂದು ಗಿಡ್ಡ.

"ತಗೀಬ್ಯಾಡ್ರಿ ಅಕ್ಕಾರ" ಎಂದ ಸಿದ್ರಾಮ. "ಊರಾಗಿನ ಗಂಡ ಹೆಂಡತಿ ಎಲ್ಲಾರ ನಡಗೀನೂ ನಾವು ನೋಡೇವಿ. ನಮ್ಮದನ್ನ ನಾವ ನೋಡಿದ್ದಿಲ್ಲ."

ನಾನು ತಡೆಯಲಾರದೆ, "ಏಯ್, ವರ್ಷಕ್ಕೊಂದ ದಿನಾ ನಡಿಯೂದೂ ಹೋಗತೈತಿ. ವಿಚಾರ ಮಾಡ್ರೊ" ಎಂದೆ.

ಯಮನೂರಪ್ಪ, "ಮಾಡೇವ್ರಿ ಉಸ್ತಾದ" ಎಂದ. ಅವನಿಂದ ಅದಕ್ಕಿಂತ ಹೆಚ್ಚು ಮಾತು ಹೊರಡುವುದಿಲ್ಲ.

ಚಿತ್ರ ನಮ್ಮ ಊರಿನ ಥಿಯೇಟರಿನಲ್ಲೇ ಮೊದಲು ಬಂತು. ದಂಡಿನ ಬಗ್ಗೆ ಎಂದು ತಿಳಿದು ಕಮಾಂಡರ್ ಸಾಹೇಬರೂ ಬಂದು ಮುಂದಿನ ಸಾಲಿನಲ್ಲಿ ಕೂತರು. ನಾನೂ ಕಾಶವ್ವನೂ ನಡುವೆ. ಊರವರು ಮೊದಲು ಗುಸುಗುಸು ಮಾಡಿದರು, ಯಾರೋ ಸಿಳ್ಳೆ ಹಾಕಿದರು. ಸೆಲ್ಯೂಟ್ ಹೊಡೆದು ಅಗಲುವ ದೃಶ್ಯದ ಹೊತ್ತಿಗೆ ಸಿಳ್ಳೆ ನಿಂತಿತು. ಆಮೇಲೆ ಸೇತುವೆ ಬಂತು. ನನ್ನದೇ ಕೂಗು ಕೇಳಿಸಿತು, ಬೂಟುಗಳ ಗದ್ದಲ ಎದ್ದಿತು, ಆ ಗದ್ದಲದ ಒಳಗಿನಿಂದ ಆ ಎರಡು ಜೊತೆ ಕಾಲು ಬಂದವು. ಇಡೀ ಥಿಯೇಟರಿಗೆ ಒಂದೇ ಉಸಿರಿನಲ್ಲಿ ಗುರುತು ಸಿಕ್ಕಿತು. ಯಾರೂ ನಗಲಿಲ್ಲ. ಹಿಂದಿನ ಸಾಲಿನವರೂ ನಗಲಿಲ್ಲ. ಕಾಶವ್ವ ನನ್ನ ಕೈ ಹಿಡಿದು ಮೆಲ್ಲಗೆ, "ಖರೇ ಐತಿ ರೀ" ಎಂದಳು. ನಮ್ಮ ಊರಿನಲ್ಲಿ ಮದುಮಕ್ಕಳು ನಡೆದುಬರುವಾಗ ಕಟ್ಟೆಯ ಮೇಲಿನ ಹೆಂಗಸರು ಹೇಳುವ ಮಾತು ಅದು. ಪಕ್ಕದವಳೂ ಹೇಳಿದಳು. ಆಚೆ ಇನ್ಯಾರೋ ಹೇಳಿದರು.

ಕಮಾಂಡರ್ ಸಾಹೇಬರು ಚಿತ್ರ ಮುಗಿಯುವ ಮೊದಲೇ ಎದ್ದು ಹೋದರು. ಮರುದಿನ ಇಬ್ಬರನ್ನೂ ಗುಡ್ಡದ ಮೇಲಕ್ಕೆ ಕರೆಸಿ, ಕಾನೂನು ಕಾನೂನೇ ಎಂದು ಹೇಳಿ ಹೆಸರು ಹೊಡೆದರು. ಯಮನೂರಪ್ಪ ಪದಕವನ್ನು ತಾನೇ ಬಿಚ್ಚಿ ಮೇಜಿನ ಮೇಲೆ ಇಟ್ಟನಂತೆ. ಹೋಗುವಾಗ ಸಿದ್ರಾಮ ಸೈಕಲ್ ಒಯ್ದಿರಲಿಲ್ಲ. ಗುಡ್ಡದಿಂದ ಮಾರುಕಟ್ಟೆಯವರೆಗೆ ಹಗಲು ಹೊತ್ತಿನಲ್ಲಿ ಇಬ್ಬರೂ ಜೊತೆಯಾಗಿ ನಡೆದೇ ಬಂದರು. ಕೆಲವರು ಬಾಗಿಲು ಹಾಕಿಕೊಂಡರು, ಅದನ್ನೂ ಹೇಳಬೇಕು. ಗಿರಣಿಗೆ ಹೋಗುವುದನ್ನು ಬಿಟ್ಟವರು ಇದ್ದರು, ಆಚೆ ಓಣಿಯ ಗಿರಣಿಯ ಹಿಟ್ಟು ದಪ್ಪ ಬರುತ್ತದೆಂದು ತಿಂಗಳೊಳಗೆ ಮರಳಿ ಬಂದರು.

ರೆಜಿಮೆಂಟಿನ ದಿನ ಹತ್ತಿರ ಬಂದಾಗ ನಾನು ನಡೆಯುವುದಿಲ್ಲ ಎಂದು ಮನೆಯಲ್ಲಿ ಕೂತೆ. ಬಹಳ ಸಿಟ್ಟಿತ್ತು. ಬೆನ್ನ ಮೇಲೆ ಹೊತ್ತು ಕಣಿವೆ ದಾಟಿಸಿದವನಿಗೆ ಇಲ್ಲದ ರಸ್ತೆ ನನಗೇಕೆ? ಯಮನೂರಪ್ಪನೇ ಮನೆಗೆ ಬಂದ.

"ನೀವು ನಡೀರಿ ಉಸ್ತಾದ. ನೀವು ಮುಂದ ಇಲ್ಲಂದ್ರ ಆ ಮುದುಕರ ಹೆಜ್ಜಿ ಹಾಳಾಗತೈತಿ. ನೋಡಾಕ ಆಗೂದಿಲ್ಲ."

"ನಿಮಗ ಬ್ಯಾಸರಿಲ್ಲೇನೋ?"

ಅವನು ಮೂಲೆಯಲ್ಲಿದ್ದ ನನ್ನ ಬೂಟಿನ ಕಡೆ ನೋಡಿದ. "ಬೂಟು ನೋಡಿದಾಗ ಆಗತೈತಿ" ಎಂದ. ಅಷ್ಟು ಹೇಳಿ, ಕಾಶವ್ವ ಕೊಟ್ಟ ಜೋಳದ ಚೀಲ ಹೆಗಲಿಗೆ ಹಾಕಿಕೊಂಡು ಗಿರಣಿಗೆ ಹೋದ.

ನಡೆದೆವು. ನಾನು ಮುಂದೆ, ಹಿಂದೆ ಪಿಂಚಣಿದಾರರು. ಮೂರನೆಯ ಸಾಲಿನಲ್ಲಿ ಎರಡು ಜಾಗ ಹಾಗೆಯೇ ಬಿಟ್ಟಿದ್ದರು, ನಾನು ಸರಿದು ನಿಲ್ಲಲು ಹೇಳಲಿಲ್ಲ. ವಾದ್ಯದವರು ಬಾರಿಸುತ್ತಿದ್ದರು, ರಸ್ತೆಯ ಎರಡೂ ಬದಿ ಜನ. ಕಮಾಂಡರ್ ಸಾಹೇಬರ ಚಪ್ಪರ ಬಲಕ್ಕೆ, ಇನ್ನೂ ಮುಂದೆ ಇತ್ತು. ಅಲ್ಲಿಗೆ ಬಂದಾಗ ಬಲಕ್ಕೆ ನೋಡಿ ಸೆಲ್ಯೂಟ್ ಹೊಡೆಯುವುದು ಪದ್ಧತಿ, ಇಡೀ ಮೆರವಣಿಗೆಯಲ್ಲಿ ಸೆಲ್ಯೂಟ್ ಅದೊಂದೇ.

ಮಾರುಕಟ್ಟೆಯ ಮೂಲೆಗೆ ಬಂದಾಗ ಎಡಕ್ಕೆ, ಜನರ ಹಿಂದೆ, ಅಂಗಡಿಗಳ ಕಟ್ಟೆಯ ಪಕ್ಕದಲ್ಲಿ ಅವರಿಬ್ಬರು ಕಂಡರು. ನಮ್ಮ ಎದುರುದಿಕ್ಕಿನಲ್ಲಿ ಮನೆಗೆ ಹೋಗುತ್ತಿದ್ದರು. ಕಾಲಿಗೆ ಚಪ್ಪಲಿ, ಯಮನೂರಪ್ಪನ ಕೈಯಲ್ಲಿ ತರಕಾರಿ ಚೀಲ. ಸಿದ್ರಾಮ ಕೈ ಬೀಸುತ್ತ ಏನೋ ದೊಡ್ಡ ಕಥೆ ಹೇಳುತ್ತಿದ್ದ. ಒಂದು ಉದ್ದ, ಒಂದು ಗಿಡ್ಡ, ಇಬ್ಬರದೂ.

"ಎಡಕ್ಕೆ ನೋಡು" ಎಂದು ಕೂಗಿದೆ. ಅಂಥ ಕೂಗು ನನ್ನ ಗಂಟಲಿನಿಂದ ಎಷ್ಟೋ ವರ್ಷದಿಂದ ಹೊರಟಿರಲಿಲ್ಲ. ಹಿಂದೆ ಒಬ್ಬ ಮುದುಕನೂ ತಡಮಾಡಲಿಲ್ಲ. ತಲೆಗಳೆಲ್ಲ ಎಡಕ್ಕೆ ತಿರುಗಿದವು, ನನ್ನ ಕೈ ಹಣೆಗೆ ಏರಿತು. ರಸ್ತೆಬದಿಯ ಜನ ಮೊದಲು ಕಕ್ಕಾಬಿಕ್ಕಿಯಾಗಿ ನಮ್ಮನ್ನು ನೋಡಿ, ಆಮೇಲೆ ಹಿಂದಕ್ಕೆ ತಿರುಗಿ ಅವರನ್ನು ನೋಡಿದರು. ಚಪ್ಪರದಲ್ಲಿ ಸಾಹೇಬರು ಎದ್ದು ನಿಂತದ್ದು ಕಣ್ಣಂಚಿನಲ್ಲಿ ಕಂಡಿತು. ನಾನು ಕೈ ಇಳಿಸಲಿಲ್ಲ.

ಅವರಿಬ್ಬರು ಮಾತ್ರ ನಮ್ಮನ್ನು ನೋಡಲಿಲ್ಲ. ಸಿದ್ರಾಮನ ಕಥೆ ಇನ್ನೂ ಮುಗಿದಿರಲಿಲ್ಲ. ಯಮನೂರಪ್ಪ ನಗುತ್ತ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ, ಇಬ್ಬರೂ ಗಿರಣಿಯ ಓಣಿಗೆ ತಿರುಗಿ ಹೋದರು.